‘ಗೇರ್’ ಎಂದರೆ ಯಾತ್ರಿಕನಲ್ಲ, ಗುಳೆ ಬಂದವನು

ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯ ಸೀಮೆಯಲ್ಲಿ ‘ಗುಳೆ’ ಎಂಬ ಮಾತಿನ ಅರ್ಥವನ್ನು ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟರೆ, ಇಲ್ಲವೆ ಸುಗ್ಗಿ ಮುಗಿದು ಕೈಗೆ ಕೆಲಸವಿಲ್ಲದಾದರೆ, ಊರು ತಾಂಡಾಗಳ ದುಡಿಯುವ ಜನ ಗಂಟುಮೂಟೆ ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ. ಕೆಲವೊಮ್ಮೆ ಬೀಗವೊಂದೇ ಉಳಿಯುತ್ತದೆ. ಈ ಮಾತನ್ನು ಬಲ್ಲ ನಮಗೆ ಹಳೆಯ ಒಡಂಬಡಿಕೆಯ ‘ಗೇರ್’ ಎಂಬ ಇಬ್ರಿಯ ಪದ ಬಹು ಸುಲಭವಾಗಿ ತಿಳಿಯಬೇಕಾಗಿತ್ತು. ಆದರೆ ನಮ್ಮ ಪ್ರಸಂಗಪೀಠಗಳೇ ಅದನ್ನು ತಿಳಿಯಗೊಡಲಿಲ್ಲವೆಂದು ಹೇಳದೆ ವಿಧಿಯಿಲ್ಲ.

“ನಾವೆಲ್ಲರೂ ಈ ಲೋಕದಲ್ಲಿ ಪರದೇಶಿಗಳು, ನಮ್ಮ ಮನೆ ಪರಲೋಕದಲ್ಲಿದೆ” ಎಂಬ ಪ್ರಸಂಗವನ್ನು ಕೇಳದವರು ಯಾರು? ಅದು ಸುಳ್ಳಲ್ಲ, ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ ಅದಕ್ಕೆ ಆಧಾರ. ಆದರೆ ಕೊನೆಯ ಅರ್ಥವನ್ನು ಮೊದಲಿಗೆ ತಂದು, ಮೊದಲ ಅರ್ಥವನ್ನು ಹೂತುಹಾಕುವುದು ವ್ಯಾಖ್ಯಾನವಲ್ಲ. ಎಲ್ಲರೂ ಪರದೇಶಿಗಳೆಂದ ಮೇಲೆ ನಿಜವಾದ ಪರದೇಶಿಗೆ ಯಾರೂ ಏನನ್ನೂ ಕೊಡಬೇಕಾಗಿಲ್ಲವಷ್ಟೆ!

‘ಗೂರ್’ ಎಂಬ ಕ್ರಿಯಾಪದಕ್ಕೆ ತನ್ನದಲ್ಲದ ನೆಲದಲ್ಲಿ ಇಳಿದುಕೊಂಡು ಬಾಳುವುದು ಎಂದರ್ಥ. ಗೇರ್ ಎಂಬ ನಾಮಪದ ಹಳೆಯ ಒಡಂಬಡಿಕೆಯಲ್ಲಿ ಸುಮಾರು 90 ಸಾರಿ ಬರುತ್ತದೆ. ಬಂದು ಹೋಗುವ ಹೊರನಾಡಿಗನಿಗೆ ಇಬ್ರಿಯದಲ್ಲಿ ‘ನೋಖ್ರಿ’ ಎಂಬ ಬೇರೆ ಪದವೇ ಇದೆ. ಗೇರ್ ಹಾಗಲ್ಲ. ಅವನು ಬರದಿಂದಲೋ ಯುದ್ಧದಿಂದಲೋ ಊರು ಬಿಟ್ಟು ಬಂದು, ಮತ್ತೊಂದು ಜನಾಂಗದ ನಡುವೆ, ಅವರ ಆಶ್ರಯದಲ್ಲಿ, ಸ್ವಂತ ಹೊಲವಿಲ್ಲದೆ ದುಡಿದು ಉಣ್ಣುವವನು. ಬರದ ದೆಸೆಯಿಂದ ಅಬ್ರಹಾಮನು ಐಗುಪ್ತಕ್ಕೆ ಇಳಿದುಹೋದದ್ದಕ್ಕೆ ಆದಿಕಾಂಡ 12:10ರಲ್ಲಿರುವುದು ಇದೇ ಕ್ರಿಯಾಪದ. ಬೇತ್ಲೆಹೇಮ್ ಎಂದರೆ ‘ರೊಟ್ಟಿಯ ಮನೆ’. ಆ ರೊಟ್ಟಿಯ ಮನೆಯಲ್ಲೇ ರೊಟ್ಟಿಯಿಲ್ಲದಾದಾಗ ಎಲೀಮೆಲೆಕನು ಹೆಂಡತಿ ಮಕ್ಕಳೊಡನೆ ಮೋವಾಬಿಗೆ ಹೋದನೆನ್ನುವ ರೂತಳ ಗ್ರಂಥದ ಮೊದಲ ವಚನದಲ್ಲಿಯೂ ಅದೇ ಇದೆ. ಇದು ಗುಳೆಯಲ್ಲದೆ ಮತ್ತೇನು?

ನಮ್ಮ ಅನುವಾದಗಳಲ್ಲಿ ಕಾಣುವ ‘ಪರದೇಶದವನು’, ‘ಅನ್ಯದೇಶದವನು’, ‘ಪ್ರವಾಸಿ’ ಎಂಬ ಮಾತುಗಳು ಒಂದು ಕಾಲಕ್ಕೆ ಸಲ್ಲುತ್ತಿದ್ದವು. ಇಂದು ಪ್ರವಾಸಿ ಎಂದರೆ ಹಂಪೆ ಬಾದಾಮಿಗಳನ್ನು ನೋಡಲು ಬಂದ ಉಳ್ಳವನು. ಪರದೇಶಿ ಎಂಬುದು ಬೈಗುಳ. ಇವೆರಡರ ನಡುವೆ ಗೇರ್ ಕಾಣೆಯಾಗಿದ್ದಾನೆ.

ಧರ್ಮಶಾಸ್ತ್ರ ಅವನಿಗೆ ಕೊಟ್ಟದ್ದು ಕನಿಕರವನ್ನಲ್ಲ, ಹಕ್ಕನ್ನು. ಕೂಲಿಯವನು ಸ್ವಜನನಾಗಿರಲಿ ಗೇರ್ ಆಗಿರಲಿ, ಅವನ ಕೂಲಿ ಹೊತ್ತು ಮುಳುಗುವ ಮೊದಲೇ ಅವನ ಕೈ ಸೇರಬೇಕೆಂದು ಧರ್ಮೋಪದೇಶಕಾಂಡ 24:14-15 ಕಟ್ಟಪ್ಪಣೆ ಮಾಡುತ್ತದೆ. ಸೇರದಿದ್ದರೆ ಅವನ ಮೊರೆ ದೇವರನ್ನು ಮುಟ್ಟುವುದು, ದೋಷ ಕೊಡದವನ ಮೇಲಿರುವುದು. ಸಬ್ಬತ್ತಿನ ವಿಶ್ರಾಂತಿ ಅವನಿಗೂ ಉಂಟು (ವಿಮೋಚನಕಾಂಡ 23:12). ಹೊಲದಲ್ಲಿ ಮರೆತುಬಿಟ್ಟ ಸಿವುಡು ಅವನದು. ಅವನಿಗೂ ಸ್ವದೇಶದವನಿಗೂ ಒಂದೇ ವಿಧಿ (ಅರಣ್ಯಕಾಂಡ 15:15-16). ಯೆಹೆಜ್ಕೇಲನು ಇನ್ನೂ ಮುಂದೆ ಹೋಗಿ, ನೆಲವನ್ನು ಹಂಚುವಾಗ ಗೇರ್‌ಗೂ ಪಾಲು ಕೊಡಿರೆನ್ನುತ್ತಾನೆ (47:22-23).

ಇಲ್ಲಿ ಪಂಡಿತರೊಂದು ಆಕ್ಷೇಪ ಎತ್ತುವುದುಂಟು: ಗ್ರೀಕ್ ಅನುವಾದಕರು ಈ ಪದಕ್ಕೆ ಹೆಚ್ಚಾಗಿ ‘ಪ್ರೊಸೆಲುತೋಸ್’ ಎಂಬ ಪದವನ್ನು ಬಳಸಿದರು, ಆದುದರಿಂದ ಗೇರ್ ಎಂದರೆ ಮತಕ್ಕೆ ಸೇರಿಕೊಂಡವನು, ಈ ವಿಧಿಗಳೆಲ್ಲ ನಮ್ಮವರಾದವರಿಗೆ ಮಾತ್ರ ಎಂದು. ಮುಂದಿನ ಕಾಲದ ಯೆಹೂದ್ಯರಲ್ಲಿ ಆ ಅರ್ಥ ನೆಲೆಗೊಂಡದ್ದು ನಿಜ. ಆದರೆ ಯಾಜಕಕಾಂಡ 19:34 ಗೇರ್‌ನನ್ನು ನಿನ್ನಂತೆಯೇ ಪ್ರೀತಿಸೆಂದು ಹೇಳಿ, ನೀವೂ ಐಗುಪ್ತದಲ್ಲಿ ಗೇರ್‌ಗಳಾಗಿದ್ದಿರಲ್ಲಾ ಎಂದು ಕಾರಣ ಕೊಡುತ್ತದೆ. ಇಸ್ರಾಯೇಲ್ಯರು ಐಗುಪ್ತದವರ ಮತಕ್ಕೆ ಸೇರಿಕೊಂಡದ್ದರಿಂದಲೋ ಅಲ್ಲಿ ಗೇರ್ ಎನಿಸಿಕೊಂಡದ್ದು? ಅವರು ಅಲ್ಲಿ ಹೊಟ್ಟೆಪಾಡಿಗೆ ಹೋದವರು, ಇಟ್ಟಿಗೆ ಹೊತ್ತವರು. ಅಷ್ಟೇ ಸಾಕು. ಪಸ್ಕದ ಊಟಕ್ಕೆ ಕೂಡಬೇಕಾದ ಗೇರ್‌ಗೆ ಸುನ್ನತಿಯಾಗಬೇಕೆಂದು ವಿಮೋಚನಕಾಂಡ 12:48 ಬೇರೆಯಾಗಿ ಹೇಳಬೇಕಾಯಿತೆಂದರೆ, ಸುನ್ನತಿಯಿಲ್ಲದ ಗೇರ್ ಇದ್ದನೆಂದೇ ಆಯಿತು. ಕೂಲಿ ಕೊಡುವಾಗ ಮತ ಕೇಳುವುದಕ್ಕೆ ವಾಕ್ಯದಲ್ಲಿ ಎಡೆಯಿಲ್ಲ.

ಇಂದಿನ ಮಾತಿಗೆ ಬರೋಣ. ನಮ್ಮ ಜನರನ್ನು ಗೋವೆಯಲ್ಲಿ ‘ಘಾಟಿ’ಗಳೆಂದು ಹೀಗಳೆಯುತ್ತಾರೆ, ಕರಾವಳಿಯಲ್ಲಿ ‘ಘಟ್ಟದವರು’ ಎಂದು ದೂರವಿಡುತ್ತಾರೆ. 2004ರ ಜೂನ್‌ನಲ್ಲಿ, ಮಳೆಗಾಲದಲ್ಲಿ, ವಾಸ್ಕೋದ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಅನೇಕರು. ಆದರೆ ನಾವೇನೂ ಮೇಲಲ್ಲ. 2020ರ ಮೇ ತಿಂಗಳಲ್ಲಿ ಊರಿಗೆ ಮರಳಲು ಕಾದಿದ್ದ ಹೊರರಾಜ್ಯದ ಕೂಲಿಕಾರರ ರೈಲುಗಳನ್ನು, ಕಟ್ಟಡ ಉದ್ಯಮಿಗಳೊಡನೆ ಮಾತುಕತೆಯಾದ ಬೆನ್ನಿಗೆ, ರದ್ದುಗೊಳಿಸಿದ್ದು ನಮ್ಮ ರಾಜ್ಯ ಸರಕಾರವೇ. ಜನ ಛೀಮಾರಿ ಹಾಕಿದ ಮೇಲೆ ರೈಲು ಬಿಟ್ಟಿತು. ಗೋವೆಯಲ್ಲಿ ಗೇರ್ ಆದ ನಾವು ಬೆಂಗಳೂರಿನಲ್ಲಿ ಫರೋಹನಾಗಲು ಹಿಂಜರಿಯಲಿಲ್ಲ.

ಸಭೆಯಾದರೂ ಏನು ಮಾಡಿದೆ? ಕ್ರಿಸ್ಮಸ್ಸಿಗೆ ಕಂಬಳಿ ಹಂಚಿ ಫೋಟೋ ತೆಗೆಸಿಕೊಂಡದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ. ಕಂಬಳಿ ಬೇಡವೆನ್ನುತ್ತಿಲ್ಲ, ದೇವರು ಗೇರ್‌ಗೆ ಅನ್ನವಸ್ತ್ರ ಕೊಡುವವನೆಂದು ಧರ್ಮೋಪದೇಶಕಾಂಡ 10:18 ಹೇಳುತ್ತದೆ. ಆದರೆ ಬಾಕಿ ಉಳಿಸಿಕೊಂಡ ಕೂಲಿಯ ಮೇಲೆ ಕಂಬಳಿ ಹೊದಿಸಿದರೆ ಅದು ದಾನವಾಗದು.

ಗ್ರೀಕರು ಗೇರ್ ಪದಕ್ಕೆ ಕೆಲವೆಡೆ ಬಳಸಿದ ಇನ್ನೊಂದು ಶಬ್ದ ‘ಪರೋಯಿಕೋಸ್’. ಪೇತ್ರನು ಆದಿ ಕ್ರೈಸ್ತರನ್ನು ಸಂಬೋಧಿಸಿದ್ದು ಆ ಹೆಸರಿನಿಂದಲೇ (1 ಪೇತ್ರ 2:11). ನಾವು ದಿನವೂ ಆಡುವ ‘ಪ್ಯಾರಿಷ್’ ಎಂಬ ಮಾತು ಅದೇ ಮೂಲದಿಂದ ಬಂದದ್ದು. ಹೀಗೆ ಗುಳೆ ಬಂದವರ ಹೆಸರನ್ನೇ ಹೊತ್ತ ಸಭೆಯ ಗೇಟಿನ ಹೊರಗೆ ಗುಳೆ ಬಂದವನು ನಿಂತಿದ್ದಾನೆ.

ಪ್ರಿಯ ಓದುಗರೇ, ಪರಲೋಕದ ಯಾತ್ರೆಯ ಪ್ರಸಂಗ ಮುಂದಿನ ಭಾನುವಾರವೂ ಆಗಲಿ. ಅದಕ್ಕೆ ಮೊದಲು ಸಭಾಪಾಲಕರೂ ಹಿರಿಯರೂ ಒಂದನ್ನು ವಿಚಾರಿಸಲಿ: ನಮ್ಮ ಸಭಾಭವನಕ್ಕೆ ಕಲ್ಲು ಮಣ್ಣು ಹೊತ್ತವರಿಗೆ ಶನಿವಾರ ಹೊತ್ತು ಮುಳುಗುವುದರೊಳಗೆ ಕೂಲಿ ಮುಟ್ಟಿತೇ?