ಕ್ಯಾಮರಾ ಹಳೆಯದಾದರೂ ಸರಿ, ಚಿತ್ರಗಳು ಉಳಿಯಲಿ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಹಳೆಯ ಭಾವಚಿತ್ರಗಳು ಬೇಕೆಂದು ಪದಾಧಿಕಾರಿಯೊಬ್ಬರು ಇತ್ತೀಚೆಗೆ ಫೋನ್ ಮಾಡಿದ್ದರು. "ಆಗ ಎಲ್ಲ ಕಾರ್ಯಕ್ರಮಗಳಿಗೂ ನೀವು ಕ್ಯಾಮರಾ ತರುತ್ತಿದ್ದಿರಲ್ಲ ಮಾರಾಯ್ರೆ, ರಾತ್ರಿ ಶಾಲೆಯ ಮಾಸ್ತರರ ಒಂದು ಫೋಟೋ ಆದರೂ ಇರಬೇಕು" ಎಂದರು. ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

1996ರಲ್ಲಿ ಬ್ಯಾಂಕಿನ ಅರಿಯರ್ಸ್ ಹಣ ಕೈಗೆ ಬಂದಾಗ ನಿಕಾನ್ ಎಫ್‌ಎಂ10 ಕ್ಯಾಮರಾ ಕೊಂಡಿದ್ದೆ. ಒಂದು ರೋಲಿಗೆ 36 ಚಿತ್ರ. ರೋಲಿನ ಬೆಲೆ, ತೊಳೆಸುವ ಖರ್ಚು ಎಲ್ಲ ಲೆಕ್ಕ ಹಾಕಿಯೇ ಗುಂಡಿ ಒತ್ತಬೇಕಿತ್ತು. ನೆಗೆಟಿವ್‌ಗಳೆಲ್ಲ ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ನೆಲ ಅಂತಸ್ತಿನ ನಮ್ಮ ಕೋಣೆಗೂ ನೀರು ನುಗ್ಗಿತು. ಮೂರು ದಿನಗಳ ಬಳಿಕ ಟ್ರಂಕ್ ತೆರೆದರೆ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಅಂದಿನಿಂದ ಕ್ಯಾಮರಾ ಕಪಾಟು ಸೇರಿತು.

ಈಗ ಮಗಳು ಉದ್ಯೋಗಕ್ಕೆ ಸೇರಿದ್ದಾಳೆ, ಮನೆಯ ಜವಾಬ್ದಾರಿ ಕಡಿಮೆಯಾಗಿದೆ. ಹಾಗಾಗಿ ಕೋಟೆಯ ಬೋರಾ ಬಜಾರ್‌ಗೆ ಹೋಗಿ ಕ್ಯಾಮರಾ ವಿಚಾರಿಸಿದೆ. ಅಂಗಡಿಯವರು ಹೊಸ ಮಿರರ್‌ಲೆಸ್ ತೋರಿಸಿ "ಕಂತಿನಲ್ಲಿ ಒಯ್ಯಿರಿ ಸಾಹೇಬರೇ" ಎಂದರು. ವರ್ಷಗಟ್ಟಲೆ ಇತರರ ಸಾಲದ ಅರ್ಜಿ ತುಂಬಿಸಿದವನಿಗೆ ಕಂತಿನ ರುಚಿ ಹೇಳಿಕೊಡಬೇಕೆ? ನಕ್ಕು ಹೊರಬಂದೆ.

2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಹೊಸ ಮಿರರ್‌ಲೆಸ್ ಸರಣಿ ಆರಂಭಿಸಿದವು. ಆಮೇಲೆ ಅವುಗಳ ಗಮನವೆಲ್ಲ ಆ ಕಡೆಗೇ ಹರಿದಿದೆ. ಆದರೆ ಇದರಿಂದ ನಮ್ಮಂಥವರಿಗೆ ಲಾಭವೇ ಆಯಿತು. ವೃತ್ತಿನಿರತರು ಕೈಬಿಟ್ಟ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತಿವೆ.

ನಿಮ್ಮಲ್ಲಿ ಹಳೆಯ ಲೆನ್ಸ್ ಇದ್ದರೆ ಮೊದಲು ಅದನ್ನು ಹೊರತೆಗೆಯಿರಿ. ನಿಕಾನ್‌ನ ಎಫ್ ಮೌಂಟ್ 1959ರಿಂದ ಬಂದದ್ದು. ಆದರೆ ಲೆನ್ಸ್ ಕೂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಡಿ3000 ಸರಣಿಯ ಅಗ್ಗದ ಕ್ಯಾಮರಾಗಳಿಗೆ ನನ್ನ ಹಳೆಯ 50 ಮಿ.ಮೀ. ಮ್ಯಾನುವಲ್ ಲೆನ್ಸ್ ಹಾಕಿದರೆ ಬೆಳಕಿನ ಅಳತೆಯೇ ಸಿಗುವುದಿಲ್ಲ. 2015ರಲ್ಲಿ ಬಂದ ಡಿ7200ರಲ್ಲಿ ಸಿಗುತ್ತದೆ. ಆದ್ದರಿಂದ ಅದನ್ನೇ ಆರಿಸಿದೆ. ಕ್ಯಾನನ್ ಇರುವವರಿಗೆ ಇನ್ನೂ ಸುಲಭ. 1987ರಿಂದ ಬಂದ ಇಎಫ್ ಲೆನ್ಸ್‌ಗಳು ಅವರ ಇಒಎಸ್ ಡಿಎಸ್‌ಎಲ್‌ಆರ್‌ಗಳಿಗೆ ಹೊಂದುತ್ತವೆ.

ಹಳೆಯದನ್ನು ಕೊಳ್ಳುವಾಗ ಪಾಸ್‌ಬುಕ್ ನೋಡಿದಂತೆ ನೋಡಬೇಕು. ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ಡಿ7200ರ ಶಟರನ್ನು 1,50,000 ಸಲದವರೆಗೆ ಪರೀಕ್ಷಿಸಲಾಗಿದೆ. ಎಫ್ 16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸಾರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದು ಫಂಗಸ್ ಇದೆಯೇ ನೋಡಿ. ಮುಂಬಯಿ ಮಳೆಗಾಲದ ತೇವ ಯಾವ ಲೆನ್ಸನ್ನೂ ಬಿಡುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು.

"ಮೊಬೈಲ್ ಇರುವಾಗ ಇದೆಲ್ಲ ಏಕೆ?" ಎನ್ನುವವರಿದ್ದಾರೆ. ಹಗಲು ಹೊತ್ತಿನ ಚಿತ್ರಕ್ಕೆ ಮೊಬೈಲ್ ಸಾಕು, ಒಪ್ಪುತ್ತೇನೆ. ಆದರೆ ಸಭಾಗೃಹದ ಮಂದ ಬೆಳಕಿನಲ್ಲಿ ಯಕ್ಷಗಾನದ ವೇಷಧಾರಿ ಗಿರಕಿ ಹೊಡೆಯುವಾಗ ಐಎಸ್‌ಒ 1600ಕ್ಕೆ ಏರಿಸಿ, ಎಫ್ 1.8ರ ಲೆನ್ಸ್ ತೆರೆದು ತೆಗೆದ ಚಿತ್ರವೇ ಬೇರೆ. 50 ಮಿ.ಮೀ. ಲೆನ್ಸ್ ಈ ಕ್ಯಾಮರಾದಲ್ಲಿ 75 ಮಿ.ಮೀ.ನಷ್ಟು ಹತ್ತಿರ ತೋರಿಸುತ್ತದೆ. ಕಲಾವಿದರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವ ಪಾಪವೂ ಇಲ್ಲ. ಹಳೆಯ ಲೆನ್ಸ್ ಇಲ್ಲದವರು, ವಿಡಿಯೋ ಮುಖ್ಯ ಎನ್ನುವವರು ಮಿರರ್‌ಲೆಸ್ ಕೊಳ್ಳಲಿ. ಸದ್ದಿಲ್ಲದ ಶಟರ್ ಸಂಗೀತ ಕಚೇರಿಗೂ ಒಳ್ಳೆಯದು.

ಆದರೆ ಯಾವ ಕ್ಯಾಮರಾ ಎಂಬುದಕ್ಕಿಂತ ಚಿತ್ರ ಎಲ್ಲಿ ಉಳಿಯುತ್ತದೆ ಎಂಬುದು ಮುಖ್ಯ. ಇಂದು ಕಾರ್ಯಕ್ರಮ ಮುಗಿಯುವ ಮೊದಲೇ ನೂರಾರು ಫೋಟೋಗಳು ವಾಟ್ಸಾಪ್‌ಗೆ ಬರುತ್ತವೆ, ಮೊಬೈಲ್ ತುಂಬಿದೊಡನೆ ಅಳಿಸಿ ಹೋಗುತ್ತವೆ. ನನ್ನ ನೆಗೆಟಿವ್‌ಗಳಿಗಾದರೂ ಪ್ರವಾಹ ಬರಬೇಕಾಯಿತು! ಶಾಲು, ಹಾರ, ಹಣ್ಣಿನ ಬುಟ್ಟಿಗೆ ಖರ್ಚು ಮಾಡುವ ನಮ್ಮ ಸಂಘ ಸಂಸ್ಥೆಗಳು ಎರಡು ಹಾರ್ಡ್ ಡಿಸ್ಕ್ ಕೊಳ್ಳಲಾರವೇ? ಒಂದು ಕಚೇರಿಯಲ್ಲಿರಲಿ, ಇನ್ನೊಂದು ಬೇರೆ ಉಪನಗರದ ಸದಸ್ಯರೊಬ್ಬರ ಮನೆಯಲ್ಲಿರಲಿ. ಪ್ರತಿ ಚಿತ್ರಕ್ಕೂ ದಿನಾಂಕ, ಸ್ಥಳ, ಇದ್ದವರ ಹೆಸರು ಬರೆದಿಡಲು ಒಬ್ಬರನ್ನು ನೇಮಿಸಲಿ. ವೇದಿಕೆಯ ಮೇಲಿನವರ ಜೊತೆಗೆ ಕುರ್ಚಿ ಹಾಕಿದವರ, ಚಹಾ ಕೊಟ್ಟವರ ಚಿತ್ರವೂ ಇರಲಿ.

ಹಗಲು ದುಡಿದು ಬಂದ ನಮಗೆ ರಾತ್ರಿ ಪಾಠ ಹೇಳಿದ ಮಾಸ್ತರರ ಹೆಸರು ಸಂಚಿಕೆಯಲ್ಲಿ ಅಚ್ಚಾಗಲಿದೆ. ಅದರ ಮೇಲಿನ ಚೌಕ ಮಾತ್ರ ಖಾಲಿ ಇರುತ್ತದೆ. ಮುಂದಿನ ಸಂಚಿಕೆಯಲ್ಲಿ ಇಂಥ ಖಾಲಿ ಚೌಕ ಇರಬಾರದು.