ಬಾಚಿ ಉಳಿಯಲು ಆರ್ಡರ್ ಬೇಕು

ಕುಶಲಕರ್ಮಿಗಳ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನಮ್ಮ ಕೈ ತಾನಾಗಿ ಟೈಪ್ ಮಾಡುವ ಶೀರ್ಷಿಕೆ ಒಂದಿದೆ: 'ಅಳಿವಿನಂಚಿನಲ್ಲಿ...'. ಹಳೆಯ ಉಪಕರಣದ ಫೋಟೊ, ಸುಕ್ಕುಗಟ್ಟಿದ ಕೈಗಳ ಕ್ಲೋಸಪ್, ಕೊನೆಯಲ್ಲಿ 'ಸರ್ಕಾರ ಗಮನಹರಿಸಬೇಕು'. ಡೆಸ್ಕಿನವರಿಗೂ ಇಷ್ಟ. ಬ್ರಿಟನ್ನಿನ ಪೀಪಾಯಿ ಕೆಲಸದವರ ಬಗ್ಗೆ ಓದಿದ ಮೇಲೆ ಈ ಅಚ್ಚಿನ ಬಗ್ಗೆ ನಮಗೇ ಅನುಮಾನ ಬಂದಿದೆ.

ಅವರನ್ನು ಅಲ್ಲಿ ಕೂಪರ್ ಎನ್ನುತ್ತಾರೆ. ಮೊಳೆ ಇಲ್ಲ, ಅಂಟು ಇಲ್ಲ. ಓಕ್ ಮರದ ಪಟ್ಟಿಗಳನ್ನು ಕಾವು ಕೊಟ್ಟು ಬಗ್ಗಿಸಿ, ಕಬ್ಬಿಣದ ಬಳೆ ಬಿಗಿದು, ಸೋರದ ಹಾಗೆ ಪೀಪಾಯಿ ಮಾಡುತ್ತಾರೆ. ಅವರ ಬಾಚಿ ನಮ್ಮ ಬಡಗಿಗಳ ಬಾಚಿಗೆ ದಾಯಾದಿಯೇ. ಪೀಪಾಯಿಯ ಬಾಯೊಳಗೆ ಬೀಸಬೇಕಲ್ಲ, ಹಾಗಾಗಿ ಹಿಡಿ ಗಿಡ್ಡ. ಉಜ್ಜುಗೊರಡು ಮಾತ್ರ ತಲೆಕೆಳಗು! ಐದಾರು ಅಡಿ ಉದ್ದ, ಅಲಗು ಮೇಲ್ಮುಖ. ಗೊರಡು ಕದಲುವುದಿಲ್ಲ, ಮರದ ಪಟ್ಟಿಯನ್ನೇ ಅದರ ಮೇಲೆ ತಳ್ಳುತ್ತಾರೆ. ಅಂಚಿನ ಓರೆ ಎಷ್ಟಿರಬೇಕೆಂಬುದು ಕಣ್ಣಳತೆ. ಮುಚ್ಚಳ ಕೂರುವ ತೋಡನ್ನು ಒಳಸುತ್ತ ಕೊರೆಯಲು ಕ್ರೋಜ್ ಎಂಬ ಉಪಕರಣ. ಮುಚ್ಚಳದ ಅಳತೆಗೆ ಟೇಪ್ ಹಿಡಿಯುವುದಿಲ್ಲ. ಆ ತೋಡಿನಲ್ಲಿ ಕೈವಾರವನ್ನು ಹೆಜ್ಜೆ ಹಾಕಿಸುತ್ತಾರೆ. ಸರಿಯಾಗಿ ಆರು ಹೆಜ್ಜೆಗೆ ಸುತ್ತು ಮುಗಿದರೆ ಅದೇ ತ್ರಿಜ್ಯ. ಹೈಸ್ಕೂಲಿನ ರೇಖಾಗಣಿತ, ನಾವು ಅಲ್ಲೇ ಬಿಟ್ಟು ಬಂದದ್ದು. ಸಂದಿಗೆ ಒಣಗಿದ ಜೊಂಡು ತುಂಬಿದರೆ ಮುಗಿಯಿತು.

ಇದೇ ಉಪಕರಣಗಳಿಗೆ ಒಂದೇ ದೇಶದಲ್ಲಿ ಎರಡು ಗತಿ ಬಂತು. ಬಿಯರ್ ಕಂಪನಿಗಳು ಕಳೆದ ಶತಮಾನದ ನಡುವೆ ಲೋಹದ ಪೀಪಾಯಿಗೆ ಹೊರಳಿದವು. ಅಲ್ಲಿನ ಕೂಪರ್‌ಗಳು ಬೆರಳೆಣಿಕೆಗೆ ಇಳಿದರು, ಬಾಚಿಗಳು ಮ್ಯೂಸಿಯಂ ಸೇರಿದವು.

ಸ್ಕಾಟ್ಲೆಂಡಿನ ವಿಸ್ಕಿಯವರ ಕಥೆ ಬೇರೆ. ಓಕ್ ಪೀಪಾಯಿಯಲ್ಲಿ, ಅದೂ 700 ಲೀಟರ್ ಮೀರದ್ದರಲ್ಲಿ, ಕನಿಷ್ಠ 3 ವರ್ಷ ಮಾಗದಿದ್ದರೆ ಅದನ್ನು ಸ್ಕಾಚ್ ಎಂದು ಮಾರುವಂತಿಲ್ಲ. ಅಮೆರಿಕದಲ್ಲಿ ಬರ್ಬನ್‌ಗೆ ಪ್ರತಿ ಸಲವೂ ಹೊಸ ಓಕ್ ಪೀಪಾಯಿ ಬೇಕೆಂಬ ನಿಯಮವಿದೆ. ಅಲ್ಲಿ ಒಮ್ಮೆ ಬಳಸಿದ್ದು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಬರುತ್ತದೆ. (ಬೆಂಗಳೂರಿಗೂ ಬರುತ್ತದೆ, 2004ರಲ್ಲಿ ಗ್ಲಾಸ್ಗೊದಲ್ಲಿ ಮಾರುಕಟ್ಟೆಗೆ ಇಳಿದ ನಮ್ಮ ಅಮೃತ್ ಸಿಂಗಲ್ ಮಾಲ್ಟ್ ಮಾಗುವುದೂ ಇಂಥವುಗಳಲ್ಲೇ.) ಸುಮಾರು 200 ಲೀಟರಿನದನ್ನು ಬಿಚ್ಚಿ, ಪಟ್ಟಿ ಸೇರಿಸಿ, 250 ಲೀಟರಿನದಾಗಿ ಮತ್ತೆ ಕಟ್ಟುತ್ತಾರೆ. ಬಳೆ ಒತ್ತಲು ಈಗ ಯಂತ್ರ ಇದೆ. ಆದರೆ ಹಳೆಯ ಪೀಪಾಯಿ ಒಂದರಂತೆ ಇನ್ನೊಂದಿರುವುದಿಲ್ಲ. ಯಾವ ಪಟ್ಟಿ ಕೆಟ್ಟಿದೆ, ಎಲ್ಲಿ ಸೋರುತ್ತದೆ ಎಂದು ನೋಡಿ ಸರಿಪಡಿಸಲು ಕೈಯೇ ಬೇಕು. ಹಾಗಾಗಿ ಹುಡುಗರು ಇವತ್ತಿಗೂ 4 ವರ್ಷ ಕಲಿಯುತ್ತಾರೆ. ಕಲಿತು ಮುಗಿದ ದಿನ ಅವರನ್ನು ಪೀಪಾಯಿಗೆ ಹಾಕಿ, ಮಸಿ, ಕಾಕಂಬಿ ಸುರಿದು, ಉರುಳಿಸುವ ಸಂಪ್ರದಾಯವಿದೆ. ಎಷ್ಟೋ ಕಡೆ ಕೂಲಿ ಪೀಪಾಯಿ ಲೆಕ್ಕದಲ್ಲಿ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ ಎಣಿಸುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಸ್ಕಾಟ್ಲೆಂಡಿನವರಿಗೆ ಪರಂಪರೆಯ ಮೇಲೆ ಪ್ರೀತಿ ಹೆಚ್ಚು ಅಂತ ನಮಗನ್ನಿಸುವುದಿಲ್ಲ. ಬಾಚಿಯನ್ನು ಉಳಿಸಿದ್ದು ನಿಯಮದ ಒಂದು ಸಾಲು, ಅದರ ಹಿಂದಿನ ದುಡ್ಡು. ನಮ್ಮ ಎತ್ತಿನ ಗಾಡಿಗೆ ಮರದ ಚಕ್ರವೇ ಇರಬೇಕೆಂದು ಯಾರೂ ಕಾನೂನು ಮಾಡುವುದಿಲ್ಲ, ಮಾಡಲೂಬಾರದು. ಟೈರ್ ಗಾಡಿಯಿಂದ ರೈತನಿಗೂ ಎತ್ತಿಗೂ ಸುಖವೇ ಆಗಿದೆ. ಎಲ್ಲ ಕಸುಬೂ ಉಳಿಯುವುದಿಲ್ಲ. ಆದರೆ ಶಾಲೆಯ ಬೆಂಚು, ಜಾತ್ರೆಯ ತೇರು ಇವುಗಳ ಕೆಲಸ ಇವತ್ತು ಯಾರಿಗೆ ಹೋಗುತ್ತಿದೆ, ಟೆಂಡರಿನ ಷರತ್ತು ಊರಿನ ಬಡಗಿಯನ್ನು ಹೊರಗಿಡುತ್ತದೆಯೇ ಎಂಬುದು ವರದಿಗಾರರು ಹುಡುಕಬೇಕಾದ ಸುದ್ದಿ. ತಾಲ್ಲೂಕು ಕಚೇರಿಯ ಫೈಲಿನಲ್ಲಿ ಸಿಗುತ್ತದೆ, ಫೋಟೊದಲ್ಲಿ ಸಿಗುವುದಿಲ್ಲ.

ಹಿಂದೊಮ್ಮೆ ಚಕ್ರ ಮಾಡುವ ಹಿರಿಯರೊಬ್ಬರ ಬಗ್ಗೆ ನಾವೂ ಅರ್ಧ ಪುಟ ಬರೆದಿದ್ದೆವು. ಬಾಚಿ, ಉಳಿ, ಗೊರಡು ಎಲ್ಲದರ ಫೋಟೊ ಬಂತು. ಕೊನೆಯ ಚಕ್ರ ಯಾರು ಮಾಡಿಸಿದರು, ಎಷ್ಟು ಕೊಟ್ಟರು ಎಂದು ಮಾತ್ರ ಕೇಳಿರಲಿಲ್ಲ.