ಮಡಚುವ ಚಾಕಿಗೊಂದು ಅಗುಳಿ

ಜಪಾನಿನ ನಾಗಾನೊ ಪ್ರಾಂತದ ಇಕೆಡಾ ಎಂಬ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ, ಒಂದನೆಯ ತರಗತಿಗೆ ಸೇರಿದ ಮಗುವಿಗೆ ಮಡಚುವ ಚಾಕೊಂದನ್ನು ಕೊಡುವ ವಾಡಿಕೆ ಹಲವು ದಶಕಗಳಿಂದ ನಡೆದುಬಂದಿದೆ. ಮಕ್ಕಳು ಅದರಿಂದಲೇ ಪೆನ್ಸಿಲು ಹೆರೆಯುತ್ತಾರೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಮಗುವಿನ ಚೀಲದಿಂದ ಅಂಥ ಚಾಕು ಹೊರಬಿದ್ದರೆ ಮುಖ್ಯೋಪಾಧ್ಯಾಯರು ತಂದೆತಾಯಿಯನ್ನು ಕರೆಸುತ್ತಾರೆ. ಕರೆಸುವುದು ತಪ್ಪೂ ಅಲ್ಲ. ಆದರೆ ಮನೆಯಂಗಳದಲ್ಲಿ, ತೋಟದಲ್ಲಿ, ತಮ್ಮ ಕಣ್ಣೆದುರಿನಲ್ಲಿ ಮಗುವಿನ ಕೈಗೆ ಎಂಥ ಚಾಕನ್ನು ಕೊಡಬಹುದೆಂಬ ಪ್ರಶ್ನೆ ಆ ತಂದೆತಾಯಿಗೆ ಉಳಿದೇ ಇರುತ್ತದೆ.

ಹಳೆಯ ಕಟ್ಟಿನ, ಹೆಚ್ಚು ಬೆಲೆಯಿಲ್ಲದ ಮಡಚುವ ಚಾಕುಗಳಲ್ಲಿ ಮೂರು ಲೋಕಪ್ರಸಿದ್ಧವಾದವು: ಜಪಾನಿನ ಹಿಗೊನೊಕಾಮಿ, ಫ್ರಾನ್ಸಿನ ಒಪಿನೆಲ್, ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಮೂರರ ಮೂಲವೂ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿದೆ. ಅವುಗಳ ನಡುವಣ ನಿಜವಾದ ಅಂತರ ಅಲಗಿನ ಹರಿತದಲ್ಲಿಲ್ಲ. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವುದು ಯಾವುದು ಎಂಬಲ್ಲಿದೆ.

ಹಿಗೊನೊಕಾಮಿ ಮಿಕಿ ಪಟ್ಟಣದ ಚಾಕು. ಮಡಿಸಿದ ಹಿತ್ತಾಳೆಯ ಅಥವಾ ಕಬ್ಬಿಣದ ತಗಡೇ ಅದರ ಹಿಡಿ. ಒಂದು ಅಲಗು, ಒಂದು ರಿವೆಟ್ಟು. ಸ್ಪ್ರಿಂಗಿಲ್ಲ, ಅಗುಳಿಯೂ ಇಲ್ಲ. ಅಲಗಿನ ಹಿಂದೆ ಚಾಚಿಕೊಂಡ ಸಣ್ಣ ನಾಲಗೆಯ ಮೇಲೆ ಹೆಬ್ಬೆರಳನ್ನು ಒತ್ತಿಟ್ಟಷ್ಟು ಹೊತ್ತು ಚಾಕು ತೆರೆದಿರುತ್ತದೆ. ಹಿಡಿದ ಕೈಯೇ ಅದಕ್ಕೆ ಕಾವಲು. ಒಂದು ಕಾಲಕ್ಕೆ ಜಪಾನಿನ ಶಾಲಾಮಕ್ಕಳ ಜೇಬಿನಲ್ಲೆಲ್ಲ ಇದ್ದ ಈ ಚಾಕು 1960ರ ನಂತರ ಮರೆಯಾಗತೊಡಗಿತು. ಆ ವರ್ಷದ ಅಕ್ಟೋಬರಿನಲ್ಲಿ ಸಮಾಜವಾದಿ ಪಕ್ಷದ ನಾಯಕ ಅಸಾನುಮಾ ಇನೆಜಿರೊ ಭಾಷಣದ ವೇದಿಕೆಯ ಮೇಲೆಯೇ ಹದಿನೇಳರ ಹುಡುಗನೊಬ್ಬನಿಂದ ಹತರಾದರು. ಮಕ್ಕಳ ಕೈಗೆ ಅಲಗು ಕೊಡಬೇಡಿರೆಂಬ ಚಳವಳಿ ದೇಶದುದ್ದಕ್ಕೂ ಹಬ್ಬಿತು. ಆ ಹುಡುಗ ಹಿಡಿದಿದ್ದುದು ಕಿರುಖಡ್ಗ. ಮಕ್ಕಳಿಂದ ಕಸಿದುಕೊಂಡದ್ದು ಪೆನ್ಸಿಲು ಹೆರೆಯುವ ಚಾಕು. ಆ ಹೆಸರಿನಲ್ಲಿ ಚಾಕು ಮಾಡುವ ಅಧಿಕಾರವುಳ್ಳ ಕಾರ್ಖಾನೆ ಇಂದು ಒಂದೇ ಉಳಿದಿದೆ.

ಒಪಿನೆಲ್ಲಿನದು ಬೇರೆ ದಾರಿ. ಆಲ್ಪ್ಸ್ ಪರ್ವತದ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ರೂಪಿಸಿದನು. ಬೀಚ್ ಮರದ ಗುಂಡನೆಯ ಹಿಡಿ, ಅದರ ಸೀಳಿನಲ್ಲಿ ತೆಳುವಾದ ಅಲಗು. 1955ರಲ್ಲಿ ಹಿಡಿಯ ಕೊರಳಿಗೊಂದು ಉಕ್ಕಿನ ಬಳೆ ಬಂದಿತು. ಚಾಕನ್ನು ತೆರೆದು ಬಳೆಯನ್ನು ತಿರುಗಿಸಿದರೆ ಅಲಗು ಅಲುಗದು; ಬೆರಳಿಗೆ ಇದಕ್ಕಿಂತ ಸರಳವಾದ ರಕ್ಷಣೆ ಇನ್ನೊಂದಿಲ್ಲ. ಮಕ್ಕಳಿಗೆಂದೇ ಮಾಡಿದ 7ನೆಯ ಸಂಖ್ಯೆಯ ಚಾಕಿನ ತುದಿ ಮೊನಚಾಗಿರದೆ ದುಂಡಗಿದೆ. ಅಲಗಿನ ಉದ್ದ 8 ಸೆಂಟಿಮೀಟರು. ಒಂದು ಕೊರತೆಯೂ ಉಂಟು. ಮರ ನೀರು ಕುಡಿದರೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಸವಾಯಿಯ ರೈತರು ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆಳೆಯುತ್ತಾರೆ. ಕಾಸರಗೋಡಿನ ಆಷಾಢದಲ್ಲಿ ಈ ಕುಟ್ಟುವ ವಿದ್ಯೆ ದಿನಕ್ಕೆರಡು ಬಾರಿ ಬೇಕಾದೀತು! ಕಾರ್ಬನ್ ಉಕ್ಕಿನ ಅಲಗಾದರೆ ತುಕ್ಕು ಬೇರೆ. ಕರಾವಳಿಯವರು ‘ಇನಾಕ್ಸ್’ ಎಂಬ ಮುದ್ರೆಯುಳ್ಳ ತುಕ್ಕುಹಿಡಿಯದ ಅಲಗನ್ನೇ ಆರಿಸಿಕೊಳ್ಳುವುದು ಲೇಸು.

ವಿಕ್ಟೋರಿನಾಕ್ಸ್ ಎಲ್ಲರೂ ಬಲ್ಲ ಕೆಂಪು ಚಾಕು. ಅದರ ಸಣ್ಣ ಮಾದರಿಗಳಲ್ಲಿ ಬೆನ್ನಿನ ಸ್ಪ್ರಿಂಗು ಅಲಗನ್ನು ತಡೆದು ಹಿಡಿಯುತ್ತದೆ. ಬಲವಾಗಿ ಒತ್ತಿದರೆ ಅಲಗು ಮಡಚಿಕೊಳ್ಳುತ್ತದೆ. ಮಳೆಗೆ ಇದೇ ಗಟ್ಟಿ.

ಬೆರಳಿನ ದೃಷ್ಟಿಯಿಂದ ನೋಡಿದರೆ ಬಳೆಯುಳ್ಳ ಚಾಕೇ ಮೇಲು. ಕೆಲವು ದೇಶಗಳ ಕಾನೂನು ಮಾತ್ರ ಇದನ್ನೇ ತಲೆಕೆಳಗಾಗಿ ನೋಡುತ್ತದೆ. ಇಂಗ್ಲೆಂಡಿನ 1988ರ ಕ್ರಿಮಿನಲ್ ಜಸ್ಟಿಸ್ ಕಾಯಿದೆ, 3 ಅಂಗುಲ ಮೀರದ ಅಲಗಿನ ಮಡಚುವ ಜೇಬುಚಾಕನ್ನು ಕಾರಣವಿಲ್ಲದೆಯೂ ಹೊರಗೆ ಒಯ್ಯಬಹುದೆನ್ನುತ್ತದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ನ್ಯಾಯಾಲಯವು, ತೆರೆದು ಅಗುಳಿ ಹಾಕಿದ ಚಾಕು ತತ್‌ಕ್ಷಣಕ್ಕೆ ಮಡಚಲು ಬಾರದುದರಿಂದ ಅದು ‘ಮಡಚುವ ಚಾಕು’ ಅಲ್ಲವೆಂದು ತೀರ್ಪಿತ್ತಿತು. ಜಪಾನಿನ ಕಾನೂನೂ ಅಗುಳಿಯುಳ್ಳ ಚಾಕಿಗೆ ಕಟುವಾಗಿದೆ. ಬೆರಳನ್ನು ಕಾಯುವ ಬಳೆಯೇ ಇರಿಯುವವನ ಕೈಯನ್ನೂ ಕಾಯುತ್ತದೆಂಬುದು ನ್ಯಾಯದ ಶಂಕೆ. ತರ್ಕ ಅರ್ಥವಾಗುತ್ತದೆ, ಸೌತೆಕಾಯಿ ಹೆಚ್ಚುವ ಮಗುವಿಗೆ ಅದು ಅನ್ವಯಿಸುವುದು ಹೇಗೆಂಬುದು ಅರ್ಥವಾಗದು.

ಭಾರತದಲ್ಲಿ 1959ರ ಆಯುಧ ಕಾಯಿದೆಯ ಕೆಳಗಿನ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧದ ಪಟ್ಟಿಗೆ ಸೇರಿಸಿ, ಮನೆಗೆಲಸ ಹಾಗೂ ಬೇಸಾಯಕ್ಕೆಂದು ಮಾಡಿದವನ್ನು ಹೊರಗಿಡುತ್ತವೆ. ಮೆಟ್ಟುಗತ್ತಿಗೂ ಕೊಡಲಿಗೂ ಯಾರೂ ಪರವಾನಗಿ ಕೇಳದಿರುವುದು ಇದರಿಂದಲೇ. ಆದರೆ ದೆಹಲಿಯಲ್ಲಿ 1980ರಿಂದ ಗರಾರಿ, ಬಟನ್, ಸ್ಪ್ರಿಂಗಿನ ಚಾಕುಗಳಿಗೆ ಪ್ರತ್ಯೇಕ ಅಧಿಸೂಚನೆಯಿದೆ, ಅಲ್ಲಿ 7.62 ಸೆಂಟಿಮೀಟರು ಉದ್ದ, 1.72 ಸೆಂಟಿಮೀಟರು ಅಗಲ ಮುಟ್ಟಿದರೆ ಅಪರಾಧದ ಮಾತು ಬರುತ್ತದೆ. ಹಿಂದೀ ಚಲಚ್ಚಿತ್ರಗಳ ಖಳರ ಕೈಯಲ್ಲಿ ಟಕಟಕನೆ ತೆರೆದುಕೊಳ್ಳುತ್ತಿದ್ದ ರಾಂಪುರಿಯು ಈ ದೇಶದ ಮಡಚುವ ಚಾಕಿಗೆಲ್ಲ ಕೆಟ್ಟ ಹೆಸರು ತಂದಿತು. ಮೇಲಿನ ಮೂರು ಚಾಕುಗಳೂ ಬಟನ್ನಿನಿಂದಲ್ಲ, ಕೈಯಿಂದಲೇ ಬಿಡಿಸುವಂಥವು. ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ: ಎರಡೇ ಅಂಗುಲದ ಅಲಗಿನಿಂದ ಬೇಕೆಂದೇ ಗಾಯಮಾಡಿದರೂ ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮಿನಂತೆ ಅದು ಅಪಾಯಕಾರಿ ಆಯುಧದಿಂದಾದ ಗಾಯವೇ.

ಹತ್ತರ ಒಳಗಿನ ಮಗುವಿಗೆ ದುಂಡುತುದಿಯ ಒಪಿನೆಲ್ ಸಾಕು, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ಹೈಸ್ಕೂಲಿನ ಮಗುವಿಗೆ ಸಣ್ಣ ವಿಕ್ಟೋರಿನಾಕ್ಸ್ ಒಪ್ಪುತ್ತದೆ. ಹಿಗೊನೊಕಾಮಿ, ಕೈ ಪಳಗಿದ ಮೇಲೆ. ಶಾಲೆಯ ಚೀಲಕ್ಕೂ, ವಿಮಾನದಲ್ಲಿ ಜೊತೆಗೊಯ್ಯುವ ಕೈಚೀಲಕ್ಕೂ ಮೂರರಲ್ಲಿ ಒಂದೂ ಸಲ್ಲದು. ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ರಾತ್ರಿ, ಬುತ್ತಿ ಕಟ್ಟುವ ಮೊದಲು, ಮಗುವಿನ ಚೀಲದ ಒಳಜೇಬನ್ನೊಮ್ಮೆ ತಡವಿ ನೋಡುವುದೊಳ್ಳೆಯದು.